ಎಲ್ಲರಿಗೂ ಪೂರ್ತಿ ಅನುಮತಿ

ಆ ಬಡಾವಣೆಯವರೆಲ್ಲ ಅವಳನ್ನು ಡ್ರೈವರಮ್ಮ ಎಂದು ಕರೆಯುತ್ತಿದ್ದರು. ಅವಳಿಗೆ ಸೈಕಲ್ ತುಳಿಯುವುದೂ ಬರುತ್ತಿರಲಿಲ್ಲ. ಮನೆಮನೆಗೆ ಹೋಗಿ ಕಂಪ್ಯೂಟರ್ ರಿಪೇರಿ ಮಾಡುವುದು ಅವಳ ಕೆಲಸ. ಶುರು ಮಾಡಿದ ಮೊದಲ ವಾರದಲ್ಲೇ ಒಂದು ಮನೆಯ ಪ್ರಿಂಟರ್ ಮುಷ್ಕರ ಹೂಡಿತ್ತು. ಅದನ್ನು ನಡೆಸುವ ತಂತ್ರಾಂಶ ಕೆಟ್ಟದ್ದು ಕಂಡು, "ಡ್ರೈವರ್ ಹೋಗ್ಬಿಟ್ಟಿದೆ ಅಜ್ಜಿ, ಹೊಸದು ಹಾಕ್ಬೇಕು" ಎಂದಳು. ಅಜ್ಜಿ ಕೈಯಲ್ಲಿದ್ದ ಲೋಟ ಕೆಳಗಿಟ್ಟು, "ಅಯ್ಯೋ ಪಾಪ, ಯಾವಾಗ ಹೋದನಮ್ಮ? ಮಕ್ಕಳುಮರಿ ಇದ್ವಾ?" ಎಂದು ಕೇಳಿದರು. ಆ ಮಾತು ನಾಲ್ಕು ಬೀದಿ ಸುತ್ತಿ ಬಂತು. ಅವಳ ಸ್ವಂತ ಹೆಸರು ಮತದಾರರ ಪಟ್ಟಿಯಲ್ಲಷ್ಟೇ ಉಳಿಯಿತು.

ಅದಕ್ಕೆ ಮೊದಲು ಹತ್ತೊಂಬತ್ತು ವರ್ಷ ಅವಳು ಒಂದು ದೊಡ್ಡ ಕಚೇರಿಯ ಕಂಪ್ಯೂಟರ್ ವಿಭಾಗದಲ್ಲಿದ್ದಳು. ಯಾರು ಯಾವ ಫೈಲ್ ತೆರೆಯಬಹುದು, ಯಾರು ನೋಡಬಹುದು ಆದರೆ ತಿದ್ದಬಾರದು, ಯಾರು ಅದರ ಹತ್ತಿರವೂ ಸುಳಿಯಬಾರದು ಎಂಬ ಪಟ್ಟಿಯನ್ನು ನೋಡಿಕೊಳ್ಳುವುದೇ ಅಲ್ಲಿ ಅವಳ ಕೆಲಸವಾಗಿತ್ತು. ಒಂದು ದಿನ ಆ ವಿಭಾಗವನ್ನೇ ಹೊರಗಿನವರಿಗೆ ವಹಿಸಿದರು. ಅವಳೂ ಉಳಿದ ಆರು ಜನರೂ ಒಂದೊಂದು ಹೂಗುಚ್ಛ ಹಿಡಿದುಕೊಂಡು ಮನೆಗೆ ಬಂದರು.

ಈಗ ಅವಳಿಗೆ ಐವತ್ತಮೂರು. ಮಂಡಿ ಎರಡೂ ಸವೆದಿದ್ದವು. ಗಂಡ ಲಿಫ್ಟ್ ಮೆಕ್ಯಾನಿಕ್. "ಊರಿನವರನ್ನೆಲ್ಲ ಮೇಲಕ್ಕೆ ಕಳಿಸ್ತೀರಿ, ನನಗೆ ಮಾತ್ರ ಮೆಟ್ಟಿಲೇ ಗತಿ" ಎಂದು ಅವಳು ಗೊಣಗುತ್ತಿದ್ದಳು. ಅವಳು ಹೋಗುವ ಮನೆಗಳಲ್ಲಿ ಲಿಫ್ಟ್ ಇರುತ್ತಿರಲಿಲ್ಲ, ಇದ್ದರೆ ಕೆಟ್ಟಿರುತ್ತಿತ್ತು. ಸಂಜೆ ಮನೆ ಸೇರಿದ ಮೇಲೆ ಇಬ್ಬರೂ ಸೋಫಾದ ಎರಡು ತುದಿಗೆ ಬಿದ್ದುಕೊಂಡು, ಟೀ ಮಾಡಲು ಯಾರು ಏಳುತ್ತಾರೆ ಎಂದು ಒಬ್ಬರನ್ನೊಬ್ಬರು ಕಾಯುತ್ತಿದ್ದರು. ಹೆಚ್ಚಿನ ದಿನ ಯಾರೂ ಏಳುತ್ತಿರಲಿಲ್ಲ.

ಇಲ್ಲಿ ಹೇಳಹೊರಟಿರುವುದು ಅವಳು ಮಾಡಿದ ಒಂದು ತಪ್ಪಿನ ವಿಷಯ. ಅವಳ ಕಸುಬಿನಲ್ಲಿ ಅದು ಒಂದು ಕ್ಲಿಕ್ಕಿನಷ್ಟು ದೊಡ್ಡದು.

ಅಂದು ಅವಳು ಹೊಕ್ಕದ್ದು ನಾಲ್ಕನೆಯ ಮನೆ. ಮೂರನೆಯ ಮಹಡಿ. ಬಾಗಿಲು ತೆರೆದವರು ಬಸ್ ಡಿಪೋದಲ್ಲಿ ಟೈಂಕೀಪರ್ ಆಗಿ ನಿವೃತ್ತರಾದ ಅರವತ್ತೆಂಟರ ಹಿರಿಯರು. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಅವರ ತಂಗಿ ಮದುವೆಯಾಗಿರಲಿಲ್ಲ; ಒಂದು ಮುದ್ರಣಾಲಯದಲ್ಲಿ ಪ್ರೂಫ್ ತಿದ್ದುತ್ತಿದ್ದವರು, ತಾವಿದ್ದ ಬಾಡಿಗೆ ಕಟ್ಟಡವನ್ನು ಕೆಡವಿದಾಗ ಅಣ್ಣನ ಮನೆಗೆ ಬಂದು ಒಂಬತ್ತು ವರ್ಷದಿಂದ ಇಲ್ಲೇ ಇದ್ದರು. ಅವತ್ತು ತಂಗಿ ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದರು.

ಅಣ್ಣ ತಂಗಿ ಬೇರೆ ಬೇರೆ ಅಕೌಂಟಿನಲ್ಲಿ ಬಳಸುತ್ತಿದ್ದ ಹಳೆಯ ಕಂಪ್ಯೂಟರ್ ಕೈಕೊಟ್ಟಿತ್ತು. ಹೊಸದು ತಂದಿಟ್ಟಿದ್ದರು. ಹಳೆಯದರ ಹಾರ್ಡ್ ಡಿಸ್ಕ್ ಬಿಚ್ಚಿ ಹೊಸದರೊಳಗೆ ಕೂರಿಸುವುದು ಅರ್ಧ ಗಂಟೆಯ ಕೆಲಸ. ಕೂರಿಸಿದಳು. ಡಿಸ್ಕ್ ಕಾಣಿಸಿತು, ಒಳಗಿನ ಫೋಲ್ಡರುಗಳೂ ಕಾಣಿಸಿದವು. ತೆರೆಯಲು ಹೋದರೆ ಮಾತ್ರ, ನಿಮಗೆ ಅನುಮತಿ ಇಲ್ಲ ಎಂಬ ಫಲಕ ಎದುರಿಗೆ ಬಂತು.

"ಇದೇನ್ರೀ ಇದು? ನನ್ನ ಫೈಲು, ನನ್ನ ಹೆಸರು, ನನಗೇ ಇಲ್ಲ ಅಂತಿದೆ!" ಟೈಂಕೀಪರರಿಗೆ ಸಿಟ್ಟು ಬಂತು.

"ಹೆಸರು ಅದೇ ಸರ್. ಆದ್ರೆ ಕಂಪ್ಯೂಟರ್ ಹೆಸರು ನೋಡಲ್ಲ, ನಂಬರ್ ನೋಡುತ್ತೆ. ಹಳೇದರಲ್ಲಿ ನಿಮ್ಮ ಅಕೌಂಟಿಗೆ ಒಂದು ಉದ್ದದ ನಂಬರ್ ಇತ್ತು. ಇಲ್ಲಿ ಬೇರೆ ನಂಬರ್. ಅದರ ಲೆಕ್ಕದಲ್ಲಿ ನೀವು ಬೇರೆ ಯಾರೋ."

"ಮೂವತ್ತನಾಲ್ಕು ವರ್ಷ ಬಸ್ಸುಗಳನ್ನ ನಂಬರ್ ನೋಡೇ ಬಿಟ್ಟೋನು ನಾನು. ಈಗ ನನ್ನನ್ನೇ ನಂಬರ್ ಕೇಳಿ ಆಚೆ ನಿಲ್ಲಿಸಿದೆ ನೋಡಿ."

ಅವಳು ನಕ್ಕಳು. ಮಂಡಿ ಚುಳುಕ್ಕೆಂದಿತು. ಫೋಲ್ಡರಿನ ಭದ್ರತೆಯ ಪುಟದಲ್ಲಿ ಒಡೆಯರ ಹೆಸರು ಇರಬೇಕಾದಲ್ಲಿ ಉದ್ದಕ್ಕೆ ಅಂಕಿಗಳ ಸಾಲು ಇತ್ತು. ಆ ಒಡೆಯ ಈ ಯಂತ್ರದಲ್ಲಿ ಇಲ್ಲ. ಮಾಡಬೇಕಾದದ್ದು ಅವಳಿಗೆ ಬಾಯಿಪಾಠ. ಮೊದಲು, ಇಡೀ ಯಂತ್ರದ ಮೇಲೆ ಅಧಿಕಾರವಿರುವ ಅಡ್ಮಿನ್ ಅಕೌಂಟಿನಿಂದ ಒಡೆತನವನ್ನು ತನ್ನ ಕೈಗೆ ತೆಗೆದುಕೊಳ್ಳಬೇಕು. ಆಮೇಲೆ ಒಂದೊಂದೇ ಫೋಲ್ಡರ್ ಹಿಡಿದು, ಅಣ್ಣನದನ್ನು ಅಣ್ಣನ ಹೊಸ ಅಕೌಂಟಿಗೆ, ತಂಗಿಯದನ್ನು ತಂಗಿಯ ಹೊಸ ಅಕೌಂಟಿಗೆ ಹಚ್ಚಬೇಕು. ಕೊನೆಗೆ ಇಬ್ಬರ ಅಕೌಂಟಿನಿಂದಲೂ ಒಳಹೊಕ್ಕು, ತಮ್ಮದು ತೆರೆಯುತ್ತದೆಯೇ, ಇನ್ನೊಬ್ಬರದು ತೆರೆಯುವುದಿಲ್ಲವೇ ಎಂದು ನೋಡಬೇಕು. ಸರಿಯಾಗಿ ಮಾಡಿದರೆ ಒಂದೂವರೆ ಗಂಟೆ.

ಅಡ್ಡದಾರಿಯೂ ಇದೆ. ಎಲ್ಲ ಫೋಲ್ಡರುಗಳಿಗೂ ಮೇಲಿರುವ, ಡಿಸ್ಕಿನ ಮೊದಲ ಹಂತದಲ್ಲೇ ನಿಂತು 'ಎಲ್ಲರಿಗೂ' ಎಂದು ಬರೆದು, 'ಪೂರ್ತಿ ಅನುಮತಿ' ಎಂಬಲ್ಲಿ ಗುರುತು ಹಾಕಿ, ಒಳಗಿರುವ ಎಲ್ಲದಕ್ಕೂ ಇದೇ ಇರಲಿ ಎಂಬ ಚೌಕಕ್ಕೂ ಗುರುತು ಹಾಕಿದರೆ ಮುಗಿಯಿತು. ಪರದೆಯ ಮೇಲೆ ಹಸಿರು ಪಟ್ಟಿ ತಾನೇ ಓಡಿ ಎಲ್ಲ ಬಾಗಿಲನ್ನೂ ತೆಗೆಯುತ್ತದೆ.

ಕಚೇರಿಯಲ್ಲಿ ಹೊಸಬರು ಯಾರಾದರೂ ಹಾಗೆ ಮಾಡಿದರೆ ಅವಳು ಅವರನ್ನು ನಿಲ್ಲಿಸಿ ಬೆವರಿಳಿಸುತ್ತಿದ್ದಳು. ಅಂದು ಬೆಳಗ್ಗೆಯಿಂದ ಹನ್ನೊಂದು ಮಹಡಿ ಹತ್ತಿಳಿದಿದ್ದಳು. ಮಧ್ಯಾಹ್ನ ಹೊಟ್ಟೆಗೆ ಬಿದ್ದದ್ದು ಎರಡು ಬಿಸ್ಕತ್ತು. 'ಅಣ್ಣ ತಂಗಿ, ಒಂದೇ ಮನೆ. ಏನಾಗಿಬಿಡುತ್ತೆ' ಎಂದುಕೊಂಡಳು. ಗುರುತು ಹಾಕಿದಳು. ಪಟ್ಟಿ ಓಡಿತು. ಟೈಂಕೀಪರರ ಫೋಟೋಗಳು, ಪಿಂಚಣಿ ಕಾಗದಗಳು ಒಂದೊಂದಾಗಿ ತೆರೆದುಕೊಂಡವು. ಅಡ್ಮಿನ್ ಅಕೌಂಟಿನ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಅವರ ಕೈಗಿತ್ತು, ಕಂಬಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದಳು.

ಹದಿನಾರನೆಯ ದಿನ ಫೋನ್ ಬಂತು. ಹೆಂಗಸಿನ ದನಿ. ಗಟ್ಟಿಯಾಗಿರಲಿಲ್ಲ, ಕೋಪವೂ ಇರಲಿಲ್ಲ. ಒಂದೊಂದು ಮಾತಿನ ಕೊನೆಗೂ ಚುಕ್ಕೆ ಇಟ್ಟಂತಿತ್ತು.

"ಟೈಂಕೀಪರ್ ಅವರ ತಂಗಿ ನಾನು. ನೀವು ನಮ್ಮನೆಗೆ ಬಂದಿದ್ರಿ. ನನ್ನ ಫೋಲ್ಡರ್ ಈಗ ಯಾರು ಬೇಕಾದ್ರೂ ತೆಗೀಬಹುದು. ಅದು ನಿಮಗೆ ಗೊತ್ತಿತ್ತಾ?"

ಅವಳಿಗೆ ತಕ್ಷಣ ಎಲ್ಲವೂ ನೆನಪಾಯಿತು. ಆ ಚೌಕ, ಆ ಗುರುತು, ತನ್ನ ಬೆರಳು.

"ಗೊತ್ತಿತ್ತಮ್ಮ" ಎಂದಳು. ಸುಳ್ಳು ಹೇಳಲೂ ತ್ರಾಣ ಬೇಕಾಗುತ್ತದೆ.

ಆ ಕಡೆಯವರು "ಬಂದು ಸರಿ ಮಾಡ್ಕೊಡಿ" ಎಂದಷ್ಟೇ ಹೇಳಿ ಫೋನಿಟ್ಟರು.

ಆ ಸಂಜೆ ಅವಳು ಗಂಡನಿಗೆ ಹೇಳಿದಳು. ಅವನು ಕಾಲಿಗೆ ಎಣ್ಣೆ ಉಜ್ಜಿಕೊಳ್ಳುತ್ತಿದ್ದವನು ಕೈ ನಿಲ್ಲಿಸಿದ.

"ನಾನು ಲಿಫ್ಟಿನ ಬಾಗಿಲು ತೆಗೆಯೋ ಮುಂಚೆ ಅದು ಹೇಗಿತ್ತು ಅಂತ ಪುಸ್ತಕದಲ್ಲಿ ಬರೀತೀನಿ. ಯಾವ ಮಹಡಿ, ಯಾವ ಸ್ವಿಚ್ಚು ಮೇಲೆ, ಯಾವುದು ಕೆಳಗೆ. ಆಮೇಲೆ ಹಾಗೇ ವಾಪಸ್ ಇಡಬೇಕಲ್ಲ. ನೀನು ಬರೆಯಲ್ವಾ?"

"ಕಚೇರೀಲಿ ಬರೀತಿದ್ದೆ."

"ಈಗ?"

"ಈಗ ಸುಸ್ತು ಕಣ್ರೀ."

ಅವನು ಹೂಂ ಎಂದ. ಅವನಿಗೆ ಆ ಉತ್ತರ ಹೊಸದಲ್ಲ. ಸ್ವಲ್ಪ ಹೊತ್ತಿನ ಮೇಲೆ ಎದ್ದು ಅವನೇ ಟೀ ಮಾಡಿದ.

ಮರುದಿನ ಬೆಳಗ್ಗೆ ಮೊದಲ ಕೆಲಸವಾಗಿ ಅವಳು ಅಲ್ಲಿಗೆ ಹೋದಳು. ಬಾಗಿಲು ತೆರೆದವರು ತಂಗಿ. ಸಣ್ಣ ಮೈ, ದಪ್ಪ ಕನ್ನಡಕ, ಬೆರಳಿನಲ್ಲಿ ಪೆನ್ನು ಹಿಡಿದು ಹಿಡಿದು ಆದ ಗಂಟು. ಕಂಪ್ಯೂಟರ್ ನಡುಮನೆಯ ಕಿಟಕಿಯ ಕೆಳಗೆ ಇತ್ತು. ಅದರ ಬಲಕ್ಕೆ ಟೈಂಕೀಪರರ ಆರಾಮಕುರ್ಚಿ. ಅವರು ಪತ್ರಿಕೆ ಹಿಡಿದು ಕೂತಿದ್ದರು. ಅವಳನ್ನು ಕಂಡು ತಲೆಯಾಡಿಸಿದರು; ಹಿಂದಿನ ಸಲದ ಹಾಗೆ ಮಾತಾಡಲಿಲ್ಲ.

ಅವಳು ಕೆಲಸಕ್ಕೆ ಕೂತ ಐದು ನಿಮಿಷಕ್ಕೆ ಅವರು ಎದ್ದು ಬಾಲ್ಕನಿಗೆ ಹೋದರು. ಬಾಗಿಲನ್ನು ಹಿಂದಿನಿಂದ ಎಳೆದುಕೊಂಡು, ಗಾಜಿನಾಚೆ ಬಾಗಿ ನಿಂತು ಕೆಮ್ಮಿದರು. ಕೆಮ್ಮಿ ಮುಗಿದ ಮೇಲೆ ಒಳಗೆ ಬಂದು ಕೂತರು. ಇನ್ನೂ ಹತ್ತು ನಿಮಿಷಕ್ಕೆ ಮತ್ತೆ ಎದ್ದು ಹೋದರು.

ತಂಗಿ ಅದನ್ನು ನೋಡುತ್ತ ನಿಂತಿದ್ದರು. ಆಮೇಲೆ ಒಂದು ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತು, ತಗ್ಗಿದ ದನಿಯಲ್ಲಿ ಹೇಳತೊಡಗಿದರು.

"ನಾನು ಒಂದು ಫೈಲ್ ಇಟ್ಟಿದ್ದೆ. ಹೆಸರು 'ಮನೆ' ಅಂತ. ಅಣ್ಣ ಮನೆ ಕಂದಾಯದ ಕಾಗದ ಹುಡುಕ್ತಾ ಇದ್ದ. ಮನೆ ಅಂತ ಟೈಪ್ ಮಾಡಿದ್ದಾನೆ, ನನ್ನದು ಬಂದಿದೆ. ತೆಗೆದಿದ್ದಾನೆ. ಅದರಲ್ಲಿ ಅವನ ತಪ್ಪಿಲ್ಲ."

"ಏನಿತ್ತಮ್ಮ ಅದರಲ್ಲಿ?" ಎಂದು ಕೇಳಿ ಅವಳು ನಾಲಿಗೆ ಕಚ್ಚಿಕೊಂಡಳು. ಜನರ ಫೈಲುಗಳಲ್ಲಿ ಏನಿದೆ ಎಂದು ಕೇಳಬಾರದೆಂಬುದು ಅವಳ ಹಳೆಯ ನಿಯಮ. ಹೆಸರುಗಳನ್ನು ಓದಿಯೂ ಓದದ ಹಾಗೆ ಕಣ್ಣು ಹಾಯಿಸುವುದನ್ನು ಅವಳು ವರ್ಷಗಟ್ಟಲೆ ರೂಢಿಸಿಕೊಂಡಿದ್ದಳು.

ತಂಗಿಗೆ ಬೇಸರವಾದಂತೆ ಕಾಣಲಿಲ್ಲ. "ಗೊಣಗಾಟ. ಮತ್ತೇನು? ಇನ್ನೊಬ್ಬರ ಮನೇಲಿ ಒಂಬತ್ತು ವರ್ಷ ಇದ್ರೆ ಬಾಯಲ್ಲಿ ಆಡೋಕೆ ಆಗದೇ ಇರೋದು ಎಲ್ಲಿಗಾದ್ರೂ ಹೋಗಬೇಕಲ್ಲ. ಟಿವಿ ಸದ್ದು. ಕೆಮ್ಮು. ದೀಪ ಆರಿಸಲ್ಲ. ಟವೆಲ್ ಕುರ್ಚಿ ಮೇಲೆ. ಬರೆದುಬಿಟ್ರೆ ಹಗುರ ಆಗ್ತಿತ್ತು, ಮತ್ತೆ ಹೋಗಿ ಅವನಿಗೆ ಅನ್ನ ಬಡಿಸ್ತಿದ್ದೆ. ನಾಲ್ಕು ದಿನ ಅವನು ತುಟಿ ಪಿಟಕ್ಕೆನ್ನಲಿಲ್ಲ. ಐದನೇ ದಿನ ಊಟಕ್ಕೆ ಕೂತಾಗ, 'ನನ್ನ ಕೆಮ್ಮಿಂದ ನಿನಗೆ ಅಷ್ಟು ತೊಂದ್ರೆ ಅಂತ ಗೊತ್ತಿರಲಿಲ್ಲ ಪುಟ್ಟಿ' ಅಂದ."

ಅರವತ್ತನಾಲ್ಕರ ಹೆಂಗಸು ಪುಟ್ಟಿ ಎಂಬ ಹೆಸರನ್ನು ತಮ್ಮ ಬಾಯಿಂದಲೇ ಹೇಳಿ ಸೆರಗು ಸರಿಮಾಡಿಕೊಂಡರು.

"ಅವತ್ತಿನಿಂದ ಹೀಗೆ. ಆಚೆ ಹೋಗಿ ಕೆಮ್ತಾನೆ. ಟಿವಿ ಹಾಕೋದೇ ಇಲ್ಲ. ಟವೆಲ್ ಮಡಚಿ ಇಡ್ತಾನೆ. ನನಗೆ ಕೂಗಾಡಿದ್ರೂ ವಾಸಿ ಇತ್ತು."

ಡ್ರೈವರಮ್ಮ ಕೀಲಿಮಣೆಯಿಂದ ಕೈ ತೆಗೆದಳು. "ಮುಚ್ಚಿಕೊಡ್ತೀನಮ್ಮ. ಮೊದಲಿನ ಹಾಗೇ ಮಾಡಿಕೊಡ್ತೀನಿ. ಆದ್ರೆ ಓದಿದ್ದನ್ನ ಓದದೇ ಇರೋ ಹಾಗೆ ಮಾಡೋಕೆ ನನ್ನಿಂದ ಆಗಲ್ಲ."

"ಅಷ್ಟು ನನಗೂ ಗೊತ್ತು" ಎಂದರು ತಂಗಿ. "ಅಚ್ಚಾಗಿ ಹೋದ ತಪ್ಪು ಎಷ್ಟೋ ನೋಡಿದೀನಿ."

ಅವಳು ಬ್ಯಾಗಿನಿಂದ ಹೊಸ ನೋಟುಬುಕ್ಕು ತೆಗೆದಳು. ಬೆಳಗ್ಗೆ ಬರುವಾಗ ದಾರಿಯಲ್ಲಿ ಕೊಂಡದ್ದು. ಯಾವ ಫೋಲ್ಡರ್, ಈಗ ಯಾರ ಒಡೆತನ, ಯಾರಿಗೆ ಏನೇನು ಅನುಮತಿ ಎಂದು ಒಂದೊಂದೇ ಬರೆದುಕೊಂಡಳು. ಆಮೇಲೆ ತಂಗಿಯ ಫೋಲ್ಡರಿನ ಭದ್ರತೆಯ ಪುಟ ತೆರೆದು, ಮೇಲಿನಿಂದ ಇಳಿದು ಬರುವ ಅನುಮತಿಯ ಹರಿವನ್ನು ಮೊದಲು ಕತ್ತರಿಸಿದಳು. 'ಎಲ್ಲರಿಗೂ' ಎಂಬ ಸಾಲನ್ನು ತೆಗೆದಳು. ತಂಗಿಯ ಅಕೌಂಟನ್ನು ಸೇರಿಸಿ ಪೂರ್ತಿ ಅನುಮತಿ ಕೊಟ್ಟಳು. ಒಡೆಯರ ಹೆಸರಿನ ಜಾಗದಲ್ಲೂ ಅವರದನ್ನೇ ಇಟ್ಟಳು. ನಂತರ ಅಣ್ಣನ ಫೋಲ್ಡರಿಗೂ ಹೀಗೆಯೇ ಎಲ್ಲವನ್ನೂ ಮಾಡಿದಳು. ಇಬ್ಬರೂ ನೋಡುವ ಫೋಟೋಗಳ ಫೋಲ್ಡರನ್ನು ಇಬ್ಬರಿಗೂ ತೆರೆದಿಟ್ಟಳು. ಪ್ರತಿ ಸಲ ಪಟ್ಟಿ ಓಡಿ ಮುಗಿಯುವ ತನಕ ಕಾದಳು. ಬೇಗ ಮುಗಿಸುವ ಆಸೆ ಅವಳಿಗೆ ಅಂದು ಬರಲಿಲ್ಲ, ಆದರೂ ಕಣ್ಣು ಎಳೆಯುತ್ತಿತ್ತು.

ಪರೀಕ್ಷೆಗೆಂದು ಟೈಂಕೀಪರರ ಅಕೌಂಟ್ ತೆರೆಯಬೇಕಿತ್ತು. ಅವರನ್ನು ಕರೆದಳು. ಅವರು ಬಂದು ಎರಡು ಬೆರಳಿನಲ್ಲಿ ಪಾಸ್‌ವರ್ಡ್ ಒತ್ತಿದರು. ಇತ್ತೀಚೆಗೆ ತೆರೆದ ಫೈಲುಗಳ ಪಟ್ಟಿಯಲ್ಲಿ 'ಮನೆ' ಎಂಬ ಹೆಸರು ಇನ್ನೂ ಇತ್ತು. ಮೂವರಿಗೂ ಅದು ಕಾಣಿಸಿತು. ಅವಳು ಯಾರನ್ನೂ ಕೇಳದೆ ಆ ಪಟ್ಟಿಯನ್ನು ಅಳಿಸಿದಳು. ಆಮೇಲೆ, "ಸರ್, ಅಮ್ಮನವರ ಫೋಲ್ಡರ್ ಮೇಲೆ ಒಂದ್ಸಲ ಒತ್ತಿ" ಎಂದಳು.

"ನಾನು ಒತ್ತಬೇಕಾ?"

"ತೆಗೆಯಲ್ಲ ಅಂತ ಗೊತ್ತಾಗಬೇಕಲ್ಲ ಸರ್."

ಅವರು ಒತ್ತಿದರು. ನಿಮಗೆ ಅನುಮತಿ ಇಲ್ಲ ಎಂಬ ಫಲಕ ಬಂತು. ಟೈಂಕೀಪರರು ಅದನ್ನು ಎರಡು ಸಲ ಓದಿದರು.

"ಹನ್ನೊಂದು ಪುಟ ಇತ್ತು" ಎಂದರು, ಪರದೆಯನ್ನೇ ನೋಡುತ್ತ. "ಎಲ್ಲಾ ಓದಿದೆ. ಎರಡನೇ ಪುಟದಲ್ಲೇ ಮುಚ್ಚಬಹುದಿತ್ತು, ಮುಚ್ಚಲಿಲ್ಲ. ಕಾಗುಣಿತದ ಒಂದೇ ಒಂದು ತಪ್ಪಿಲ್ಲ ಕಣ್ರೀ. ಇದ್ದ ತಪ್ಪೆಲ್ಲ ನನ್ನದೇ."

ತಂಗಿ ನಗಲಿಲ್ಲ, ಅಳಲೂ ಇಲ್ಲ. "ಏಳನೇ ಪುಟದಲ್ಲಿ ಒಂದಿದೆ. ನೀನು ನೋಡಿಲ್ಲ" ಎಂದರು.

ಅಣ್ಣನ ಮುಖದಲ್ಲಿ ಏನೋ ಒಂದಿಷ್ಟು ಸಡಿಲವಾಯಿತು. ಅಷ್ಟೇ. ಡ್ರೈವರಮ್ಮನಿಗೆ ಅಲ್ಲಿಂದ ಎದ್ದು ಹೋಗಬೇಕೆನ್ನಿಸಿತು. ಆದರೆ ಹೇಳಬೇಕಾದ ಒಂದು ಮಾತು ಬಾಕಿ ಇತ್ತು. ಹೇಳದೆ ಹೋದರೆ ಅದು ಎರಡನೆಯ ತಪ್ಪಾಗುತ್ತಿತ್ತು.

"ಇನ್ನೊಂದು ವಿಷಯ. ಈಗ ಮುಚ್ಚಿದೆ ನಿಜ. ಆದ್ರೆ ಅಡ್ಮಿನ್ ಪಾಸ್‌ವರ್ಡ್ ಯಾರ ಹತ್ರ ಇರುತ್ತೋ ಅವರು ಬೇಕಂದ್ರೆ ಮತ್ತೆ ಒಡೆತನ ತಗೊಂಡು ತೆಗೀಬಹುದು. ಅದಕ್ಕೆ ಬೀಗ ಇಲ್ಲ. ಚೀಟಿ ಸರ್ ಹತ್ರ ಇದೆ."

ಟೈಂಕೀಪರರು ಒಳಗೆ ಹೋದರು. ಬೀರುವಿನ ಬಾಗಿಲು ತೆರೆದ ಸದ್ದಾಯಿತು. ಹೊರಗೆ ಬಂದು ನಾಲ್ಕಾಗಿ ಮಡಚಿದ ಚೀಟಿಯನ್ನು ತಂಗಿಯ ಮುಂದೆ ಮೇಜಿನ ಮೇಲೆ ಇಟ್ಟರು.

"ನೀನೇ ಇಟ್ಕೋ."

"ನನಗ್ಯಾಕೆ? ಮನೆ ನಿನ್ನದು, ಕಂಪ್ಯೂಟರ್ ನಿನ್ನದು."

"ಒಂಬತ್ತು ವರ್ಷ ಆದ್ಮೇಲೂ ಮನೆ ನನ್ನದೇ ಅಂತೀಯಲ್ಲ. ಅದನ್ನೂ ಮೂರನೇ ಪುಟದಲ್ಲಿ ಬರೆದಿದ್ದೀಯ. ಇಟ್ಕೋ."

ತಂಗಿ ಚೀಟಿ ತೆಗೆದುಕೊಂಡು ಕನ್ನಡಕದ ಡಬ್ಬಿಯೊಳಗೆ ಇಟ್ಟು ಮುಚ್ಚಿದರು. ಡ್ರೈವರಮ್ಮ ತನ್ನ ಬ್ಯಾಗು ತುಂಬಿಕೊಂಡಳು. ಹೊರಡುವಾಗ ಬಾಗಿಲಲ್ಲಿ ನಿಂತು, "ನನ್ನದು ತಪ್ಪಾಯ್ತಮ್ಮ" ಎಂದಳು. ಹತ್ತೊಂಬತ್ತು ವರ್ಷದ ಕಚೇರಿಯಲ್ಲಿ ಅವಳು ಆ ಮಾತನ್ನು ಬೇರೆಯವರಿಂದ ಹೇಳಿಸಿದ್ದಳೇ ಹೊರತು ತಾನು ಹೇಳಿದ್ದಿಲ್ಲ.

"ಅವತ್ತು ಬೆಳಗ್ಗೆಯಿಂದ ನಮ್ಮದು ಎಷ್ಟನೇ ಮನೆ?" ಎಂದು ತಂಗಿ ಕೇಳಿದರು.

"ನಾಲ್ಕನೇದು."

"ನಾವೂ ಸಂಜೆ ಹೊತ್ತಿನ ಪ್ರೂಫಲ್ಲೇ ತಪ್ಪು ಬಿಡ್ತಿದ್ವಿ" ಎಂದರು. ಕ್ಷಮಿಸಿದೆ ಎಂದು ಹೇಳಲಿಲ್ಲ. ಬಾಗಿಲು ಮಾತ್ರ ಮೆಲ್ಲಗೆ ಹಾಕಿಕೊಂಡರು.

ಆ ದಿನದಿಂದ ಅವಳು ದಿನಕ್ಕೆ ಮೂರು ಮನೆಗಿಂತ ಹೆಚ್ಚು ಒಪ್ಪಿಕೊಳ್ಳಲಿಲ್ಲ. ಯಾವ ಬಾಗಿಲನ್ನು ಮುಟ್ಟುವ ಮೊದಲೂ ಅದು ಹೇಗಿತ್ತೆಂದು ಬರೆದಿಟ್ಟುಕೊಳ್ಳುತ್ತಿದ್ದಳು. ಮನೆಯವರು ಯಾರಾದರೂ ಹೊರಗೆ ಹೋಗಿದ್ದರೆ, ಅವರ ಫೋಲ್ಡರನ್ನು ಮುಟ್ಟದೆ, ಅವರು ಬಂದ ಮೇಲೆ ಕರೆಯಿರಿ ಎಂದು ಹೇಳಿ ಬರುತ್ತಿದ್ದಳು. ಜನ ಬೇಸರಪಟ್ಟುಕೊಂಡರು. "ಡ್ರೈವರಮ್ಮ ಈಚೆಗೆ ನಿಧಾನ" ಎಂಬ ಮಾತು ಹುಟ್ಟಿತು. ಇಷ್ಟೆಲ್ಲ ಮಾಡಿದರೂ ಸುಸ್ತು ಕಡಿಮೆಯಾಗಲಿಲ್ಲ. ಅದು ಮನೆಗಳ ಲೆಕ್ಕದ್ದಲ್ಲ, ವರ್ಷಗಳ ಲೆಕ್ಕದ್ದು ಎಂದು ಗಂಡ ಹೇಳಿದ.

ನಾಲ್ಕು ತಿಂಗಳಾದ ಮೇಲೆ ತಂಗಿಯಿಂದ ಮತ್ತೆ ಫೋನ್ ಬಂತು. ಅಣ್ಣನ ಮನೆಯಿಂದ ಎರಡು ಬೀದಿ ಆಚೆ ಅವರು ಒಂದು ಕೋಣೆಯ ಮನೆ ಹಿಡಿದಿದ್ದರು. ಜಗಳವಾಡಿಕೊಂಡು ಬಂದದ್ದಲ್ಲ; ಅಣ್ಣ ದಿನವೂ ಆಚೆ ಹೋಗಿ ಕೆಮ್ಮುವುದನ್ನು ನೋಡಲಾಗದೆ ಬಂದದ್ದು. ಮನೆ ಹುಡುಕಿಕೊಟ್ಟವರೂ, ಸಾಮಾನು ಹೊರಿಸಿದವರೂ ಟೈಂಕೀಪರರೇ. ಫೋಲ್ಡರನ್ನು ಒಂದು ಹಳೆಯ ಲ್ಯಾಪ್‌ಟಾಪಿಗೆ ಸಾಗಿಸಿಕೊಡಬೇಕಿತ್ತು. ಈ ಮನೆ ನೆಲಮಹಡಿಯಲ್ಲಿತ್ತು. ಅದಕ್ಕೇ ಅವಳಿಗೆ ಆ ಮನೆಯ ಮೇಲೆ ಪ್ರೀತಿ ಹುಟ್ಟಿತು.

ಟೈಂಕೀಪರರ ಕಂಪ್ಯೂಟರಿನಿಂದ ಹೊರ ಡಿಸ್ಕಿಗೆ ಇಳಿಸಿ ತಂದದ್ದನ್ನು ಲ್ಯಾಪ್‌ಟಾಪಿಗೆ ಸಾಗಿಸಿದಳು. ಅಕೌಂಟಿನ ನಂಬರು ಇಲ್ಲಿಯೂ ಬೇರೆಯೇ. ಒಡೆತನ ಬದಲಿಸಿ, ಅನುಮತಿ ಹಚ್ಚಿ, ತೆರೆದು ತೋರಿಸಿದಳು. ಕೋಣೆಯಲ್ಲಿ ಒಂದು ಮಂಚ, ಒಂದು ಮೇಜು, ಗೋಡೆಗೆ ಒರಗಿಸಿಟ್ಟ ನಾಲ್ಕು ಪೆಟ್ಟಿಗೆ ಪುಸ್ತಕ. ಗಡಿಯಾರದ ಮುಳ್ಳು ಚಲಿಸುವ ಸದ್ದು ಕೇಳುತ್ತಿತ್ತು.

"ಅಣ್ಣ ಬರ್ತಾರಾ?" ಎಂದು ಕೇಳಿದಳು.

"ದಿನಾ ಬರ್ತಾನೆ. ಹತ್ತೂವರೆಗೆ. ಒಂದು ನಿಮಿಷ ಆಚೀಚೆ ಇಲ್ಲ. ಅಲ್ಲಿ ಇದ್ದಾಗ ಇಷ್ಟು ಮಾತಾಡ್ತಿರಲಿಲ್ಲ ನಾವು." ಅವರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. "ಒಂದು ವಿಚಿತ್ರ ನೋಡಿ. ಅಲ್ಲಿದ್ದಾಗ ದಿನಾ ಬರೀತಿದ್ದೆ. ಇಲ್ಲಿಗೆ ಬಂದು ಹದಿನೆಂಟು ದಿನ ಆಯ್ತು, ಒಂದು ಸಾಲೂ ಬರೆದಿಲ್ಲ. ಕೂತ್ಕೋತೀನಿ, ಏನೂ ಬರಲ್ಲ."

ಡ್ರೈವರಮ್ಮ ಲ್ಯಾಪ್‌ಟಾಪಿನ ಮುಚ್ಚಳ ಇಳಿಸಿದಳು. "ನಿಧಾನಕ್ಕೆ ಬರುತ್ತಮ್ಮ" ಎಂದಳು. ಬರುತ್ತದೋ ಇಲ್ಲವೋ ಅವಳಿಗೇನು ಗೊತ್ತು.

"ಟೀ ಕುಡ್ಕೊಂಡು ಹೋಗಿ. ಕೂತ್ಕೊಳಿ, ನಾನೇ ಮಾಡ್ತೀನಿ."

ಇನ್ನೂ ಎರಡು ಮನೆ ಬಾಕಿ ಇತ್ತು. ಒಂದು ನಾಲ್ಕನೆಯ ಮಹಡಿ. ಬೇರೆ ದಿನವಾಗಿದ್ದರೆ ಬೇಡ ಎನ್ನುತ್ತಿದ್ದಳು. ಅವಳು ಮಂಚದ ಅಂಚಿಗೆ ಕೂತು, ಕಾಲು ನೀಡಿ, ಬೆನ್ನನ್ನು ಗೋಡೆಗೆ ಒರಗಿಸಿದಳು. ತಂಗಿ ಎರಡು ಲೋಟ ಹಿಡಿದು ಬರುವಷ್ಟರಲ್ಲಿ ಅವಳಿಗೆ ನಿದ್ದೆ ಹತ್ತಿತ್ತು. ಅವರು ಎಬ್ಬಿಸಲಿಲ್ಲ. ಒಂದು ಲೋಟವನ್ನು ತಟ್ಟೆ ಮುಚ್ಚಿ ಮೇಜಿನ ಮೇಲಿಟ್ಟು, ಇನ್ನೊಂದನ್ನು ಕಿಟಕಿಯ ಹತ್ತಿರ ನಿಂತು ಕುಡಿದರು.